ಎಂಟನೆಯ ಹಾಳೆ

ಜನವರಿ ೬

ಅಕ್ಕನಿಗೆ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ, ನಾಲ್ಕನೆಯದಕ್ಕೆ ಯಾರಾದರೊಬ್ಬರು ಇಟ್ಟುಬಿಡುತ್ತೇವೆ. ಕಾಗದವಾದರೆ ನಾನು ಹೇಳುವುದನ್ನು ನೀನು ಕೊನೆಯವರೆಗೆ ಕೇಳಲೇಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಆರೋಗ್ಯ. ಅಂಗಡಿಯೂ ಚೆನ್ನಾಗಿ ನಡೆಯುತ್ತಿದೆ. ಈ ಕಾಲದಲ್ಲಿ ಮರದ ಸ್ಪೀಕರ್ ಪೆಟ್ಟಿಗೆಗಳು ಯಾರಿಗೆ ಬೇಕು ಎಂದು ನೀನು ಮೂಗು ಮುರಿಯಬಹುದು. ಬೇಕಾದವರು ಇದ್ದಾರೆ. ಇಲ್ಲಿನ ಗ್ರಂಥಾಲಯದಲ್ಲಿ ಹಳೆಯ ಹಾಡುಗಳನ್ನು ಕೂತು ಕೇಳಲು ಒಂದು ಕೋಣೆ ಮಾಡುತ್ತಿದ್ದಾರೆ. ಗ್ರಂಥಾಲಯದ ಮೇಡಂ ತಾವೇ ಬಂದು ಎದೆಯೆತ್ತರದ ಎರಡು ಪೆಟ್ಟಿಗೆ ಹೇಳಿಹೋಗಿದ್ದಾರೆ. ಮುಂಭಾಗಕ್ಕೆ ಅಕ್ರೋಟು ಮರದ ತೆಳು ಹಾಳೆಯ ವಿನಿಯರ್ ಆಗಬೇಕಂತೆ. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದರೆ ತೆರೆದಿಟ್ಟ ಪುಸ್ತಕದ ಎರಡು ಪುಟದ ಹಾಗೆ ಕಾಣಬೇಕಂತೆ.

ಹಾಗೆ ಕಾಣಬೇಕಾದರೆ ಒಂದೇ ದಿಮ್ಮಿಯಿಂದ ಒಂದರ ಬೆನ್ನಿಗೆ ಒಂದು ಸೀಳಿದ ಎರಡು ಹಾಳೆ ಬೇಕು. ಒಂದನ್ನು ಇದ್ದ ಹಾಗೆ, ಇನ್ನೊಂದನ್ನು ಮಗುಚಿ ಅಂಟಿಸಬೇಕು. ಅಪ್ಪನ ಅಕ್ರೋಟಿನ ಕಟ್ಟಿನಲ್ಲಿ ನನ್ನ ಪಾಲಿಗೆ ಬಂದದ್ದು ಒಂದು, ಮೂರು, ಐದು, ಏಳು, ಹೀಗೆ ಬೆಸಸಂಖ್ಯೆಯವು. ಸಮಸಂಖ್ಯೆಯವೆಲ್ಲ ನಿನ್ನ ಮಂಚದ ಕೆಳಗಿವೆ. ನನ್ನ ಏಳನೆಯ ಹಾಳೆಯಲ್ಲಿ ಬಲ ಅಂಚಿಗೆ ಒಂದು ಕಣ್ಣಿದೆ, ಗಂಟಿನ ಸುತ್ತ ಮರ ಸುಳಿಸುಳಿಯಾಗಿ ಬೆಳೆದದ್ದು. ನಿನ್ನ ಎಂಟರಲ್ಲೂ ಅದೇ ಜಾಗದಲ್ಲಿ ಅದೇ ಕಣ್ಣಿರಬೇಕು. ಎರಡೂ ಸೇರಿದರೆ ಅದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ.

ಎಂಟನೆಯ ಹಾಳೆ ಕಳಿಸಿಕೊಡು. ಬದಲಿಗೆ ನನ್ನಲ್ಲಿರುವ ಯಾವುದನ್ನು ಬೇಕಾದರೂ ಕೇಳು, ಏಳನ್ನು ಬಿಟ್ಟು. ಭಾವನಿಗೆ ನಮಸ್ಕಾರ.

ನಿನ್ನ ತಮ್ಮ

*

ಜನವರಿ ೧೪

ತಮ್ಮಾ,

ಕಾಗದವನ್ನು ಕೊನೆಯವರೆಗೆ ಓದಿದೆ. ಅಕ್ಕ ಹೇಗಿದ್ದೀಯ ಎಂಬ ಒಂದು ಸಾಲನ್ನು ಎಲ್ಲಾದರೂ ಮೂಲೆಯಲ್ಲಿ ಬರೆದಿದ್ದೀಯೇನೋ ಎಂದು ಹಿಂದುಗಡೆ ಕೂಡ ತಿರುಗಿಸಿ ನೋಡಿದೆ. ಇರಲಿಲ್ಲ. ಚೆನ್ನಾಗಿದ್ದೇನೆ. ನಿನ್ನ ಭಾವನ ಹೊಲಿಗೆ ಅಂಗಡಿಯೂ ಚೆನ್ನಾಗಿದೆ. ಮಕ್ಕಳಿಬ್ಬರೂ ದೊಡ್ಡವರಾದರು, ಈಗ ನನಗೇ ಬುದ್ಧಿ ಹೇಳುತ್ತಾರೆ.

ಒಂಬತ್ತು ವರ್ಷದ ಹಿಂದೆ ಅಪ್ಪ ಹೋದ ಮೇಲೆ ಪಾಲು ಮಾಡಿದ ದಿನ ನಿನಗೆ ನೆನಪಿದೆಯಲ್ಲ. ಅಂಗಡಿ ನಿನಗೆ, ಉಪಕರಣಗಳು ನಿನಗೆ. "ನಿಂಗೇನು ಬೇಕಮ್ಮ?" ಎಂದು ಸೋದರಮಾವ ಕೇಳಿದರು. ಅಕ್ರೋಟಿನ ಕಟ್ಟು ಬೇಕೆಂದೆ. ಎಲ್ಲರೂ ನಕ್ಕರು. "ಒಡವೆ ಕೇಳೋದು ಬಿಟ್ಟು ಮರದ ಸಿಪ್ಪೆ ಕೇಳ್ತಾಳಲ್ಲಪ್ಪ ಇವಳು!" ಆಗ ನಿನಗೂ ಅದರ ಮೇಲೆ ಆಸೆ ಬಂತು. ಮಾವನಿಗೋ ನ್ಯಾಯದ ಹುಚ್ಚು. ಚಾಪೆ ಹಾಸಿಕೊಂಡು ಕೂತು, ಇಸ್ಪೀಟು ಹಂಚುವ ಹಾಗೆ "ನಿಂಗೊಂದು, ಇವನಿಗೊಂದು" ಎಂದು ಇಡೀ ಕಟ್ಟನ್ನು ಹಂಚಿಬಿಟ್ಟರು. ಹಾಗೆ ಹಂಚಿದರೆ ಇಬ್ಬರ ಕೈಯಲ್ಲೂ ಒಂದೇ ಒಂದು ಸರಿಯಾದ ಜೋಡಿ ಉಳಿಯುವುದಿಲ್ಲ ಎಂಬುದು ಆ ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ನೀನು ಬಾಯಿ ಬಿಡುತ್ತೀ ಎಂದು ನಾನು, ನಾನು ಬಿಡುತ್ತೇನೆ ಎಂದು ನೀನು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎನ್ನುವುದು ನಮ್ಮ ಮನೆಯಲ್ಲೇ ಆಗಿಹೋಯಿತು.

ಈಗ ವಿಷಯಕ್ಕೆ ಬರುತ್ತೇನೆ. ಹಾಳೆ ಕೊಡುವುದಿಲ್ಲ. ಕೆಲಸ ಕೊಡು.

ಮದುವೆಗೆ ಮೊದಲೂ ಆಮೇಲೆ ಈ ಊರಿಗೆ ಬರುವವರೆಗೂ ಆ ಒಳಕೋಣೆಯಲ್ಲಿ ಕೂತು ಸರೇಸು ಕಾಯಿಸಿ ಹಾಳೆ ಅಂಟಿಸಿದವಳು ನಾನು. ಗಿರಾಕಿ ಬಂದರೆ ಅಪ್ಪ ಬಾಗಿಲು ಮುಂದೆ ಮಾಡುತ್ತಿದ್ದರು. "ಮನೆ ಹುಡುಗಿ ಮೈಯೆಲ್ಲ ಸರೇಸು ವಾಸನೆ ಅಂತ ಊರಿಗೆಲ್ಲ ಗೊತ್ತಾಗೋದು ಬೇಡ" ಎನ್ನುತ್ತಿದ್ದರು. ಪೆಟ್ಟಿಗೆ ಹೊರಗೆ ಬಂದಾಗ ಜನ "ಏನ್ ಕೈ ಸ್ವಾಮಿ ನಿಮ್ದು" ಎಂದು ಅಪ್ಪನಿಗೆ ಹೇಳುವುದು ನನಗೆ ಬಾಗಿಲ ಸಂದಿಯಲ್ಲಿ ಕೇಳಿಸುತ್ತಿತ್ತು. ಅಪ್ಪನ ಮೇಲೆ ಈಗ ಸಿಟ್ಟಿಲ್ಲ. ಕೈಯ ಮೇಲೆ ಆಸೆ ಮಾತ್ರ ಹೋಗಿಲ್ಲ.

ಒಂದು ಪೆಟ್ಟಿಗೆ ನೀನು ಮಾಡು, ಒಂದು ನಾನು. ಕರೆಯದ ಕಡೆಗೆ ಹೋಗುವ ಅಭ್ಯಾಸ ನನಗಿಲ್ಲ, ಆದ್ದರಿಂದ ಪೆಟ್ಟಿಗೆಯೇ ಇಲ್ಲಿಗೆ ಬರಲಿ. ನನ್ನಲ್ಲಿ ಎಲ್ಲ ಸಿದ್ಧವಿದೆ.

ಅಕ್ಕ

*

ಜನವರಿ ೨೫

ಅಕ್ಕನಿಗೆ,

ನೀನು ಹಿಡಿದ ಮೊಲಕ್ಕೆ ಮೂರೇ ಕಾಲು. ಆಯಿತು, ಪೆಟ್ಟಿಗೆ ಲಾರಿಯಲ್ಲಿ ಬರುತ್ತಿದೆ. ಈ ಕಾಗದ ಅದರ ಹೊಟ್ಟೆಯೊಳಗಿದೆ. ಸ್ಪೀಕರ್ ಕೂರಿಸುವ ದೊಡ್ಡ ತೂತಿಗೆ ಕೈ ಹಾಕು, ಸಿಗುತ್ತದೆ. ಇದನ್ನು ಓದುತ್ತಿದ್ದೀ ಎಂದರೆ ಆಗಲೇ ಸಿಕ್ಕಿತು ಎಂದಾಯಿತು, ಸುಮ್ಮನೆ ಬರೆದೆ.

ಒಳಗೆ ಎರಡು ಅಡ್ಡಪಟ್ಟಿ ಕೊಟ್ಟಿದ್ದೇನೆ. ಬೆರಳ ಗೆಣ್ಣಿನಿಂದ ನಾಲ್ಕೂ ಕಡೆ ತಟ್ಟಿ ನೋಡು. "ಪೆಟ್ಟಿಗೆ ಬಾಯಿ ಮುಚ್ಕೊಂಡಿರ್ಬೇಕು, ಹಾಡು ಮಾತಾಡ್ಬೇಕು" ಎಂದು ಅಪ್ಪ ಹೇಳುತ್ತಿದ್ದರಲ್ಲ. ಎಲ್ಲಾದರೂ ಟಣ್ ಎಂದರೆ ನನಗೆ ಬೈ. ಪಕ್ಕಗಳಿಗೂ ಮೇಲುಗಡೆಗೂ ಸಾದಾ ಹಾಳೆ ನಾನೇ ಅಂಟಿಸಿದ್ದೇನೆ. ಮುಂಭಾಗ ಮಾತ್ರ ಬರಿಯ ಪ್ಲೈವುಡ್. ಅದು ನಿನ್ನದು. ಪೆಟ್ಟಿಗೆಗೆ ಎಡ ಬಲ ಎಂಬುದಿಲ್ಲ, ಎರಡೂ ಅಳತೆಯಲ್ಲಿ ಒಂದೇ. ಎಡ ಬಲ ಮಾಡುವುದು ಹಾಳೆ. ಕಣ್ಣುಗಳೆರಡೂ ನಡುವಿಗೆ ಬಂದು ಒಂದನ್ನೊಂದು ನೋಡಬೇಕು. ಯಾವ ಮುಖ ಯಾರದು ಎಂದು ನಿನಗೆ ಹೇಳಿಕೊಡಬೇಕಾಗಿಲ್ಲ, ಅದು ನಮ್ಮ ಮನೆಯ ಗೋಡೆಗಳಿಗೂ ಗೊತ್ತು.

ಪಾಲಿಶ್ ಎರಡಕ್ಕೂ ಒಂದೇ ಬಣ್ಣ ಬರಲಿ ಎಂದು ನನ್ನ ಡಬ್ಬಿಯಿಂದಲೇ ಒಂದು ಸೀಸೆ ತುಂಬಿ ಒಳಗಿಟ್ಟಿದ್ದೇನೆ. ಕೋಣೆಯನ್ನು ಏಪ್ರಿಲ್ ಕೊನೆಗೆ ತೆರೆಯುತ್ತಾರೆ. ಮಾರ್ಚ್ ಮೊದಲ ವಾರ ನಿನ್ನ ಪೆಟ್ಟಿಗೆ ಇಲ್ಲಿರಬೇಕು. ಈ ಕೆಲಸ ಕೈತಪ್ಪಿದರೆ ನನಗೆ ಕಷ್ಟವಾಗುತ್ತದೆ, ಅಷ್ಟು ಮಾತ್ರ ಹೇಳುತ್ತೇನೆ.

ಅಕ್ಕ ಹೇಗಿದ್ದೀಯ? (ಹಿಂದುಗಡೆ ತಿರುಗಿಸುವ ಕಷ್ಟ ಬೇಡ ಎಂದು ಈ ಕಡೆಯೇ ಬರೆದಿದ್ದೇನೆ.)

ತಮ್ಮ

*

ಫೆಬ್ರವರಿ ೨೦

ತಮ್ಮಾ,

ಪೆಟ್ಟಿಗೆ ಸೇರಿ ಬಹಳ ದಿನವಾಯಿತು. ತಟ್ಟಿ ನೋಡಿದೆ. ಎಲ್ಲಿ ತಟ್ಟಿದರೂ ದಪ್ ಎನ್ನುತ್ತದೆ, ಗೋಡೆ ತಟ್ಟಿದ ಹಾಗೆ. ಮೂಲೆಗಳಲ್ಲಿ ಉಗುರು ಹೋಗುವಷ್ಟೂ ಸಂದಿಯಿಲ್ಲ. ಅಪ್ಪ ಇದ್ದಿದ್ದರೆ ಇನ್ನೊಂದು ಸಲ ತಟ್ಟಿ, ಏನೂ ಹೇಳದೆ ಒಳಗೆ ಹೋಗುತ್ತಿದ್ದರು. ಅವರ ಹೊಗಳಿಕೆಯೇ ಅಷ್ಟು.

ಇಲ್ಲಿ ಹವೆ ಅಷ್ಟು ಸರಿಯಿಲ್ಲ. ಸರೇಸು ಬೇಗ ಆರುತ್ತದೆ. ಮಕ್ಕಳ ಪರೀಕ್ಷೆ ಬೇರೆ. ನಿನ್ನ ಭಾವ ಅಡುಗೆಮನೆಯ ಕಪಾಟನ್ನು ನೋಡಿ "ಇದಕ್ಕೇನಾಯ್ತು, ಸಿಡುಬು ಎದ್ದಿದ್ಯಾ?" ಎಂದು ಕೇಳುತ್ತಾರೆ. ಅವರ ಮಾತಿಗೆ ತಲೆಬುಡವಿಲ್ಲ, ನೀನು ತಲೆ ಕೆಡಿಸಿಕೊಳ್ಳಬೇಡ.

ಆಗುತ್ತದೆ. ಅವಸರ ಮಾಡಬೇಡ.

ಅಕ್ಕ

*

ಮಾರ್ಚ್ ೬

ಅಕ್ಕನಿಗೆ,

ಮಾರ್ಚ್ ಮೊದಲ ವಾರ ಮುಗಿಯುತ್ತ ಬಂತು. ನನ್ನ ಪೆಟ್ಟಿಗೆ ಪಾಲಿಶ್ ಆಗಿ ಬಟ್ಟೆ ಹೊದ್ದು ನಿಂತಿದೆ. ನಿನ್ನಿಂದ ಬಂದದ್ದು ಹವೆ, ಪರೀಕ್ಷೆ ಮತ್ತು ಕಪಾಟಿನ ಸುದ್ದಿ.

ಮೇಡಂ ಮೊನ್ನೆ ಬಂದಿದ್ದರು. "ಇನ್ನೊಂದೆಲ್ಲಿ?" ಎಂದು ಕೇಳಿದರು. ಬರುತ್ತದೆ ಎಂದೆ. ಎಷ್ಟು ಸಲ ಬರುತ್ತದೆ ಎನ್ನಲಿ?

ನನಗೆ ಅನ್ನಿಸುವುದನ್ನು ನೇರವಾಗಿ ಬರೆಯುತ್ತೇನೆ. ಪಾಲಿನ ದಿನ ಅಂಗಡಿ ನನಗೆ ಬಂತಲ್ಲ, ಆ ಹೊಟ್ಟೆಯುರಿ ನಿನಗಿನ್ನೂ ಆರಿಲ್ಲ. ಬೇಡವೆಂದು ಬಾಯಿಬಿಟ್ಟು ಹೇಳುವ ಬದಲು ಪೆಟ್ಟಿಗೆಯನ್ನು ತರಿಸಿಕೊಂಡು ಸುಮ್ಮನೆ ಕೂತಿದ್ದೀ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೊಟ್ಟ ಮಾತು ಹೋಗುವುದು ನನ್ನದು, ನಿನ್ನದಲ್ಲ. ಹಾಳೆಯೂ ಬೇಡ ನಿನ್ನ ಕೆಲಸವೂ ಬೇಡ, ನನ್ನ ಪೆಟ್ಟಿಗೆಯನ್ನು ಬರಿದಾಗಿಯೇ ಲಾರಿಗೆ ಹಾಕಿಬಿಡು. ಬೇರೆ ಯಾವುದಾದರೂ ಮರ ಹುಡುಕಿಕೊಳ್ಳುತ್ತೇನೆ.

ತಮ್ಮ

*

ಮಾರ್ಚ್ ೧೪

ತಮ್ಮಾ,

ಪೆಟ್ಟಿಗೆ ಇವತ್ತು ಬೆಳಿಗ್ಗೆ ಲಾರಿ ಹತ್ತಿತು, ಬರಿದಾಗಿ ಅಲ್ಲ. ಈ ಕಾಗದ ಅದರೊಳಗೆ ಬರುತ್ತಿದೆ. ನೀನು ಬೈದ ಕಾಗದ ಬರುವ ಎರಡು ದಿನ ಮೊದಲೇ ಕೆಲಸ ಮುಗಿದಿತ್ತು, ಪಾಲಿಶ್ ಒಣಗಲು ಬಿಟ್ಟಿದ್ದೆ. ಆದ್ದರಿಂದ ಹೆದರಿ ಮಾಡಿದೆ ಎಂದುಕೊಳ್ಳಬೇಡ.

ನೀನು ನೇರವಾಗಿ ಬರೆದೆ, ನಾನೂ ಬರೆಯುತ್ತೇನೆ. ಎಲ್ಲ ಸಿದ್ಧವಿದೆ ಎಂದಿದ್ದೆನಲ್ಲ, ಅದು ಸುಳ್ಳು. ಹಾಳೆ ಇತ್ತು, ಕೈ ಇರಲಿಲ್ಲ. ಸರೇಸು ಕಾಯಿಸುವುದು ನೆನಪಿತ್ತು, ಎಷ್ಟು ಬಿಸಿಯಾದಾಗ ಇಳಿಸಬೇಕೆಂಬುದು ಬೆರಳಿಗೆ ಮರೆತಿತ್ತು. ಎಂಟನೆಯ ಹಾಳೆಗೆ ಕೈ ಹಾಕುವ ಮೊದಲು ಸಾದಾ ಹಾಳೆಯನ್ನು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿ ನೋಡಿದೆ. ಮಾರನೆಯ ದಿನ ತುಂಬ ಗುಳ್ಳೆ. ಇನ್ನೊಂದು ಬಾಗಿಲು, ಮತ್ತೆ ಗುಳ್ಳೆ. ಭಾವ ಸಿಡುಬು ಎಂದದ್ದು ಅದಕ್ಕೆ. ಅವರ ಭಾರದ ಇಸ್ತ್ರಿಪೆಟ್ಟಿಗೆಯನ್ನು ಕದ್ದು ತಂದು ಗುಳ್ಳೆಯ ಮೇಲೆ ಒತ್ತಿದೆ. ಮಧ್ಯಾಹ್ನ ಅದೇ ಇಸ್ತ್ರಿಪೆಟ್ಟಿಗೆ ಯಾರದೋ ಬಿಳಿ ಪ್ಯಾಂಟಿನ ಮೇಲೆ ಹೋಯಿತು. ಮುಂದಿನದನ್ನು ನೀನೇ ಊಹಿಸಿಕೋ. ಆ ಪ್ಯಾಂಟು ಈಗ ನಮ್ಮ ಮನೆಯಲ್ಲೇ ಇದೆ.

ಹೆದರಿಕೆಯಾಗಿತ್ತು ತಮ್ಮಾ. ಒಂಬತ್ತು ವರ್ಷ ಮಂಚದ ಕೆಳಗೆ ಆ ಕಟ್ಟು ಇಟ್ಟುಕೊಂಡು, ನಾನು ಬಿಟ್ಟಿದ್ದೇನೆ ಅಷ್ಟೆ, ನನಗೆ ಬರುತ್ತದೆ ಎಂದು ಹೇಳಿಕೊಂಡು ಮಲಗುತ್ತಿದ್ದೆ. ಬರದೇ ಹೋದರೆ ಏನು ಹೇಳಿಕೊಂಡು ಮಲಗಲಿ? ಅದನ್ನು ನಿನಗೆ ಬರೆಯಲು ಮನಸ್ಸಾಗಲಿಲ್ಲ. ಹವೆಯ ಮೇಲೆ ಹಾಕಿದೆ.

ಮೂರನೆಯ ಬಾಗಿಲಿನಲ್ಲಿ ಸರಿಯಾಯಿತು. ಒಣಗಿದ ಮೇಲೆ ಉಗುರಿನಿಂದ ಇಂಚಿಂಚೂ ತಟ್ಟುತ್ತ ಹೋದೆ, ಒಂದು ಕಡೆಯೂ ಪೊಳ್ಳು ಸದ್ದು ಬರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಭಾವ ಓಡಿ ಬಂದು "ಕೈ ಸುಟ್ಕೊಂಡ್ಯಾ?" ಎಂದರು. ಇಲ್ಲ, ಚೆನ್ನಾಗಿ ಬಂತು ಎಂದೆ. "ಹಂಗಾದ್ರೆ ಯಾಕೆ ಅಳ್ತೀಯ, ವಿಚಿತ್ರ ಹೆಂಗಸು" ಎಂದು ಟೀ ಮಾಡಿ ತಂದುಕೊಟ್ಟರು.

ಎಂಟನೆಯ ಹಾಳೆಯನ್ನು ಮಗುಚಿದಾಗ ಅವರು ಪಕ್ಕದಲ್ಲೇ ಇದ್ದರು. ಯಾಕೆ ತಿರುಗಿಸುತ್ತೀ ಎಂದು ಕೇಳಿದರು. ಹಾಳೆ ಸೀಳುವಾಗ ಅಲಗು ತಾಗಿದ ಕಡೆ ಕೂದಲೆಳೆಯ ಬಿರುಕು ಬಿಡುತ್ತದೆ, ಅದು ಸಡಿಲ ಮುಖ, ಇನ್ನೊಂದು ಕಡೆ ಬಿಗಿ ಮುಖ, ಜೋಡಿ ಮಾಡುವಾಗ ಒಂದು ಪೆಟ್ಟಿಗೆಗಾದರೂ ಸಡಿಲ ಮುಖ ಹೊರಗೆ ಬರಲೇಬೇಕು, ಪಾಲಿಶನ್ನು ಅಲ್ಲಲ್ಲಿ ಹೀರಿ ಮಚ್ಚೆಯಾಗುವುದು ಅದೇ ಎಂದು ವಿವರಿಸಿದೆ. "ಅಂದ್ರೆ ಕಷ್ಟದ್ದು ನಿನ್ ಪಾಲಿಗೆ" ಎಂದರು. ಅದು ಮೊದಲಿನಿಂದಲೂ ನನ್ನದೇ ಎಂದೆ. ಅಪ್ಪ, ನೀನು ಬಿಗಿ ಮುಖ, ಒಳಕೋಣೆಯವಳಿಗೆ ಸಡಿಲ ಮುಖ. ಹಾಗೆ ಹೇಳುವಾಗ ನನಗೆ ಹೆಮ್ಮೆಯೇ ಆಯಿತು.

ಹೊಟ್ಟೆಯುರಿ ಎಂದೆಯಲ್ಲ, ಸ್ವಲ್ಪ ಇತ್ತು. ಅಂಗಡಿ ಬೇಕೆಂದಲ್ಲ. ಅಂಗಡಿಗೆ ನಾನು ಬೇಕು ಎಂದು ಯಾರಿಗೂ ಅನ್ನಿಸಲಿಲ್ಲವಲ್ಲ ಎಂದು.

ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ಹೇಗೆ ಕಾಣುತ್ತದೆ ಎಂದು ಬರಿ.

ಅಕ್ಕ

*

ಮಾರ್ಚ್ ೨೧

ಅಕ್ಕನಿಗೆ,

ಕೂತುಕೊಂಡು ಓದು.

ಲಾರಿಯಿಂದ ಇಳಿಸಿ, ಗೋಣಿ ಬಿಚ್ಚಿ, ನಿನ್ನದನ್ನು ನನ್ನದರ ಪಕ್ಕದಲ್ಲಿ ನಿಲ್ಲಿಸಿದೆ. ಎರಡರಲ್ಲೂ ಕಣ್ಣು ಎಡ ಅಂಚಿಗಿದೆ. ಒಂದನ್ನೊಂದು ನೋಡಬೇಕಾಗಿದ್ದವು ಎರಡೂ ಒಂದೇ ಕಡೆ ಮುಖ ಮಾಡಿ ಬಸ್ಸಿಗೆ ಕಾದವರ ಹಾಗೆ ನಿಂತಿವೆ. ನಾವು ಎರಡು ಬಲ ಪೆಟ್ಟಿಗೆ ಮಾಡಿದ್ದೇವೆ. ಎಡ ಇಲ್ಲವೇ ಇಲ್ಲ.

ನಾನೂ ಮಗುಚಿ ಅಂಟಿಸಿದ್ದೆ.

ಯಾವ ಮುಖ ಯಾರದು ಎಂದು ಹೇಳಬೇಕಾಗಿಲ್ಲ ಎಂದು ಬರೆದಿದ್ದೆನಲ್ಲ, ಸಡಿಲ ಮುಖ ನನ್ನದು ಎಂಬ ಅರ್ಥದಲ್ಲಿ ಬರೆದೆ. ನೀನು ಹೋದ ಮೇಲೆ ಒಳಕೋಣೆಯಲ್ಲಿ ಕೂರುವವರು ಯಾರಿದ್ದರು? ಬಿಗಿ ಮುಖದ ಕೆಲಸವನ್ನು ಹೊರಗಿನವರ ಕೈಯಲ್ಲೂ ಮಾಡಿಸಿದ್ದೇನೆ. ಸಡಿಲ ಮುಖವನ್ನು ಯಾರಿಗೂ ಕೊಡಲು ಮನಸ್ಸು ಬರಲಿಲ್ಲ. ನಿನ್ನ ಸ್ಟೂ‌ಲಿನ ಮೇಲೆ ಕೂತು ನಾನೇ ಮಾಡುತ್ತ ಬಂದೆ. ಮೊದಲ ಎರಡು ವರ್ಷ ಹಾಳುಮಾಡಿದ್ದು ಲೆಕ್ಕವಿಲ್ಲ. ಗಿರಾಕಿಗಳು ಒಂದು ಪೆಟ್ಟಿಗೆಯನ್ನು ಹೊಗಳಿ ಇನ್ನೊಂದನ್ನು ನೋಡಿ ಸುಮ್ಮನಾಗುತ್ತಿದ್ದರು. ಕೆಲಸ ಕಡಿಮೆಯಾಯಿತು. ಅಂಗಡಿ ಚೆನ್ನಾಗಿ ನಡೆಯುತ್ತಿದೆ ಎಂದು ಬರೆದದ್ದು ನಿನ್ನ "ಎಲ್ಲ ಸಿದ್ಧವಿದೆ" ಇದ್ದ ಹಾಗೆ. ಈ ಸಲ ಕಷ್ಟದ್ದನ್ನು ನಿನ್ನ ತಲೆಗೆ ಕಟ್ಟಬಾರದು, ಇಷ್ಟು ವರ್ಷದ ಮೇಲೆ ಕೈ ಹಾಕುತ್ತಿದ್ದಾಳೆ, ಒಳ್ಳೆಯ ಮುಖವನ್ನು ಅವಳು ಇಟ್ಟುಕೊಳ್ಳಲಿ ಎಂದುಕೊಂಡೆ.

ಮಾತು ಅಷ್ಟು ಖಾರವಾಗಿ ಬರೆಯಬಾರದಿತ್ತು.

ಎರಡನ್ನೂ ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದೆ. ನನ್ನದರಲ್ಲಿ ಕೆಳಮೂಲೆಗೆ ಮೋಡ ಕವಿದ ಹಾಗೆ ಕಪ್ಪಾಗಿದೆ. ನಿನ್ನದರಲ್ಲಿ ಇಲ್ಲ. ಒಂದೇ ಸೀಸೆಯ ಪಾಲಿಶ್, ಒಂದೇ ಮರ, ಒಂದೇ ಮುಖ. ಹೇಗೆ ಮಾಡಿದೆಯೋ ಗೊತ್ತಿಲ್ಲ.

ತಿದ್ದುವುದು ನನ್ನ ಪಾಲಿಗೆ. ಅಂಟಿಸಿದ್ದು ಸರೇಸಿನಲ್ಲಿ ಎಂಬುದೊಂದು ಪುಣ್ಯ. ಒದ್ದೆ ಬಟ್ಟೆ ಹಾಕಿ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟು ಏಳನೆಯ ಹಾಳೆಯನ್ನು ಎಬ್ಬಿಸಿ ಮಗುಚುತ್ತೇನೆ. ಭಾನುವಾರ ಕೂರುತ್ತೇನೆ.

ತಮ್ಮ

*

ಮಾರ್ಚ್ ೨೬

ತಮ್ಮಾ,

ನಿನ್ನೆ ಸಂಜೆ ನಿನ್ನ ಹೆಂಡತಿಗೆ ಫೋನ್ ಮಾಡಿ "ಅವನ ಕೈಯಿಂದ ಇಸ್ತ್ರಿಪೆಟ್ಟಿಗೆ ಕಿತ್ಕೋ" ಎಂದು ಹೇಳಿದ್ದೇನೆ. ಕಿತ್ತುಕೊಂಡಿದ್ದಾಳೆ ಎಂದು ಕೇಳಿ ನಿದ್ದೆ ಬಂತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ತೂತು ಕೊರೆದು ಅಂಚು ಕತ್ತರಿಸಿದ ಹಾಳೆಯನ್ನು ಎಬ್ಬಿಸಿದರೆ ಕಣ್ಣಿನ ಹತ್ತಿರವೇ ಹರಿಯುತ್ತದೆ. ಏಳನ್ನು ಮುಟ್ಟಬೇಡ.

ನಿನ್ನ ಹತ್ತಿರ ಒಂಬತ್ತು ಇದೆ. ನನ್ನ ಎಂಟರ ಬೆನ್ನಿಗೆ ಸೀಳಿದ್ದು ಅದೇ. ಹೊಸ ಪೆಟ್ಟಿಗೆ ಕಟ್ಟಿ, ಒಂಬತ್ತನ್ನು ಇದ್ದ ಹಾಗೆ ಬಿಗಿ ಮುಖ ಹೊರಗೆ ಮಾಡಿ ಅಂಟಿಸು. ಎಡ ಸಿಕ್ಕಿತು. ಎಂಟು-ಒಂಬತ್ತು ಗ್ರಂಥಾಲಯಕ್ಕೆ ಹೋಗಲಿ. ಏಪ್ರಿಲ್ ಪೂರ್ತಿ ನಿನ್ನ ಕೈಯಲ್ಲಿದೆ.

ಏಳನ್ನು ಏನು ಮಾಡಲಿ ಎಂದು ಕೇಳುತ್ತೀ. ಅದಕ್ಕೆ ಜೊತೆಯಾಗಿ ನಾನು ಹತ್ತನೆಯದನ್ನು ಮಾಡುತ್ತೇನೆ. ನಡುವೆ ಎರಡು ಹಾಳೆ ದಾಟಿದ್ದರಿಂದ ಕಣ್ಣು ಸ್ವಲ್ಪ ಮೇಲಕ್ಕೆ ಸರಿದಿರುತ್ತದೆ, ಸರಿಯಾದ ಜೋಡಿ ಎನ್ನಿಸಿಕೊಳ್ಳುವುದಿಲ್ಲ. ಆದರೂ ನಿನ್ನದು ಒಂಟಿಯಾಗಿ ನಿಲ್ಲುವುದು ಬೇಡ. ಇನ್ನೊಂದು ಪೆಟ್ಟಿಗೆ ಕಳಿಸು. ಕೇಳಿದವರಿಲ್ಲ, ಗಿರಾಕಿಯಿಲ್ಲ, ಆದರೂ ಮಾಡುತ್ತೇನೆ.

ಕಪ್ಪು ಮೋಡ ಬಂದದ್ದು ಯಾಕೆಂದರೆ, ಪಾಲಿಶಿಗೆ ಮೊದಲು ಸರೇಸನ್ನು ಹಾಲಿಗಿಂತ ತೆಳ್ಳಗೆ ಮಾಡಿ ಒಂದು ಕೈ ಸವರಬೇಕು. ಬಿರುಕುಗಳು ಅದನ್ನು ಕುಡಿದು ತೃಪ್ತಿಯಾಗುತ್ತವೆ. ಒಣಗಿದ ಮೇಲೆ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಬೇಕು. ಇದನ್ನು ಅಪ್ಪನಿಗೂ ಹೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಇನ್ನೊಂದು ಮಾತು. ನಾನು ಬಂದ ಮೇಲೆ ಒಳಕೋಣೆಯಲ್ಲಿ ಮುರುಕು ಸಾಮಾನು ತುಂಬಿ ಬೀಗ ಹಾಕಿರುತ್ತೀ ಎಂದು ಎಣಿಸಿದ್ದೆ. ನೀನು ನನ್ನ ಸ್ಟೂಲಿನ ಮೇಲೆ ಕೂತು, ಗೊತ್ತಿಲ್ಲದ ಕೆಲಸಕ್ಕೆ ಒದ್ದಾಡುತ್ತಿದ್ದೀ ಎಂದು ನನಗೆ ಹೊಳೆದಿರಲಿಲ್ಲ. ಒಂದು ಕಾಗದ ಬರೆದಿದ್ದರೆ ಒಂದು ಚಮಚ ತೆಳು ಸರೇಸಿನಲ್ಲಿ ಮುಗಿಯುತ್ತಿತ್ತಲ್ಲೋ ಪೆದ್ದ.

ಅಕ್ಕ

*

ಮೇ ೨

ಅಕ್ಕನಿಗೆ,

ಕೋಣೆ ತೆರೆದರು. ಎಂಟು ಬಲಕ್ಕೆ, ಒಂಬತ್ತು ಎಡಕ್ಕೆ. ಕಣ್ಣುಗಳೆರಡೂ ನಡುವಿಗೆ ಬಂದು ಒಂದನ್ನೊಂದು ನೋಡುತ್ತಿವೆ. ಮೇಡಂ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ಹಾಡನ್ನು ಕೊನೆಯವರೆಗೆ ಕೇಳಿದರು. ಆಮೇಲೆ ಎದ್ದು ಬಂದು ಬಲಗಡೆಯ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು "ಇದು ಅವರದ್ದೇ ಅಲ್ವಾ?" ಎಂದರು. ಹೌದು, ನಮ್ಮಕ್ಕನದು ಎಂದೆ.

ನೀನು ಮಾಡಿದ ಹತ್ತು ನಿನ್ನಲ್ಲೇ ಇರಲಿ, ಏಳು ನನ್ನಲ್ಲಿರುತ್ತದೆ. ಅದೇ ನ್ಯಾಯ, ಆಳಿಗೊಂದು. ಸ್ಪೀಕರ್, ತಂತಿ ಎಲ್ಲ ಈ ಕಟ್ಟಿನಲ್ಲಿವೆ. ಭಾವನ ಅಂಗಡಿಯ ಹಳೆಯ ಪ್ಲೇಯರಿನ ಎಡಗಡೆಯ ಕೊಂಡಿಗೆ ಸಿಕ್ಕಿಸು. ಅಪ್ಪ ಪೆಟ್ಟಿಗೆ ಪರೀಕ್ಷಿಸಲು ಹಾಕುತ್ತಿದ್ದರಲ್ಲ, ಆ ಹಾಡಿನ ಕ್ಯಾಸೆಟ್ಟನ್ನೂ ಇಟ್ಟಿದ್ದೇನೆ. ಇನ್ನೊಂದು ಪ್ರತಿ ನನ್ನಲ್ಲಿದೆ.

ತಮ್ಮ

*

ಮೇ ೧೯

ತಮ್ಮಾ,

ಸಿಕ್ಕಿಸಿದೆ. ಅಂಗಡಿಯಲ್ಲೇ, ಕತ್ತರಿಸುವ ಮೇಜಿನ ಪಕ್ಕದಲ್ಲಿ ಇಟ್ಟೆವು. ಬಟ್ಟೆ ಹೊಲಿಸಲು ಬಂದವರು ಅಳತೆ ಕೊಡುವುದು ಬಿಟ್ಟು ಕಣ್ಣನ್ನು ಮುಟ್ಟಿ ನೋಡುತ್ತಾರೆ. ಯಾರು ಮಾಡಿದ್ದು ಎಂದು ಕೇಳುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಭಾವ "ನಮ್ಮ ಮನೆಯವಳು" ಎಂದುಬಿಡುತ್ತಾರೆ. ಪ್ಯಾಂಟಿನ ಸಿಟ್ಟು ಇಳಿದಿದೆ.

ಆದರೆ ಹಾಡು ಹಾಕಿದಾಗ ಒಂದು ತಮಾಷೆಯಾಯಿತು. ಹಾಡುವವರ ದನಿ ಇಷ್ಟು ಹತ್ತಿರ, ಉಸಿರೆಳೆದದ್ದೂ ಕೇಳುತ್ತದೆ. ಡ್ರಮ್ಮೇ ಇಲ್ಲ. ಆ ಹಳೆಯ ಹಾಡಿನಲ್ಲಿ ದನಿಯನ್ನು ಎಡಕ್ಕೂ ತಾಳವನ್ನು ಬಲಕ್ಕೂ ಬೇರೆಬೇರೆ ಹಾಕಿದ್ದರಲ್ಲ, ನನಗೆ ಮರೆತೇ ಹೋಗಿತ್ತು. ತಾಳವಿಲ್ಲದೆ ಆಯಮ್ಮ ಒಬ್ಬಳೇ ಖಾಲಿ ಮನೆಯಲ್ಲಿ ಕೆಲಸ ಮಾಡಿಕೊಳ್ಳುತ್ತ ಹಾಡಿದ ಹಾಗೆ ಕೇಳುತ್ತದೆ. ಭಾವ ಎರಡು ಸಲ ಕೇಳಿ "ಬಾಕಿ ಅರ್ಧ ಹಾಡು ನಿನ್ ತಮ್ಮನ ಹತ್ರ ಇದೆಯಾ? ಇದನ್ನೂ ನಿಮ್ಮ ಮಾವನೇ ಹಂಚಿದ್ರಾ?" ಎಂದರು.

ನಗು ಬಂತು, ಆಮೇಲೆ ಬರಲಿಲ್ಲ. ಮಾವನನ್ನು ಒಂಬತ್ತು ವರ್ಷ ಬೈದುಕೊಂಡೆ. ಈಗ ಯಾರೂ ಹೇಳದೆ ನಾವೇ ಮತ್ತೆ ಆಳಿಗೊಂದು ಎಂದು ಹಂಚಿಕೊಂಡಿದ್ದೇವೆ. ಈ ಸಲವೂ ನೀನು ಬಾಯಿ ಬಿಡುತ್ತೀ ಎಂದು ನಾನು ಕಾದೆ.

ಮಂಚದ ಕೆಳಗೆ ಇನ್ನೂ ಹಾಳೆಗಳಿವೆ. ಹನ್ನೆರಡನೆಯದರಲ್ಲಿ ಎರಡು ಕಣ್ಣುಗಳಿವೆ. ನನಗೆ ಆ ಕೆಲಸ ಬೇಕು ತಮ್ಮಾ, ಇಲ್ಲಿ ಕಪಾಟಿನ ಬಾಗಿಲ ಮೇಲಲ್ಲ. ಇದಕ್ಕಿಂತ ಹೆಚ್ಚು ನಾನು ಬರೆಯುವುದಿಲ್ಲ. ಕರೆಯದ ಕಡೆಗೆ ಹೋಗುವವಳಲ್ಲ ಎಂದು ಜನವರಿಯಲ್ಲೇ ಬರೆದಿದ್ದೆ.

ಅಕ್ಕ

*

ಜೂನ್ ೩

ಅಕ್ಕಾ,

ನಿನ್ನ ಕಾಗದವನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಪಾತ್ರೆ ತೊಳೆಯುತ್ತಿದ್ದವಳು ಹಾಗೇ ತಿರುಗಿ "ಜನವರಿಯಿಂದ ಹಾಳೆ ಕೇಳಿದ್ರಿ, ಪೆಟ್ಟಿಗೆ ಕೇಳಿದ್ರಿ. ಅತ್ತಿಗೇನ ಕೇಳೋಕೆ ಬಾಯಿರಲಿಲ್ವಾ?" ಎಂದಳು. ಇರಲಿಲ್ಲ. ಬಾ ಎಂದರೆ ನೀನು ಬರುವುದಿಲ್ಲ ಎನ್ನುತ್ತೀ ಎಂಬ ಹೆದರಿಕೆಯಿತ್ತು. ಹಾಳೆಗೆ ಇಲ್ಲ ಎಂದರೆ ಅಷ್ಟು ನೋವಾಗುವುದಿಲ್ಲ.

ಮೇಡಂ ಮೊದಲ ದಿನ ಬಂದಾಗ ಆದದ್ದನ್ನು ನಿನಗೆ ಬರೆದಿರಲಿಲ್ಲ. ಅವರು ಯಾವುದೋ ಹಳೆಯ ಸಭಾಂಗಣದಲ್ಲಿ ನಮ್ಮ ಅಂಗಡಿಯ ಒಂದು ಜೋಡಿ ನೋಡಿದ್ದರಂತೆ, ಫೋಟೋ ತಂದಿದ್ದರು. ಎಡದ್ದನ್ನು ಬಿಟ್ಟು ಬಲದ್ದರ ಮೇಲೆ ಬೆರಳಿಟ್ಟು "ಈ ಕೈ ಬೇಕು ನಂಗೆ" ಎಂದರು. ಅಪ್ಪ ಈಗಿಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಅದು ಅಪ್ಪನದಲ್ಲ, ನನ್ನದೂ ಅಲ್ಲ, ನಮ್ಮಕ್ಕನದು, ಅವಳೇ ಮಾಡಿಕೊಡುತ್ತಾಳೆ ಎಂದೆ. ಅವತ್ತೇ ಮಾತು ಕೊಟ್ಟೆ. ಮನೆಗೆ ಬಂದು ಕಾಗದ ತೆಗೆದುಕೊಂಡು ಕೂತಾಗ, ನಿನ್ನನ್ನು ಕೇಳಲು ಕೈ ಬರದೆ ಎಂಟನೆಯ ಹಾಳೆ ಕೇಳಿದೆ. ನೀನು ಹಾಳೆ ಕೊಡುವುದಿಲ್ಲ, ಕೆಲಸ ಕೊಡು ಎಂದು ಬರೆದಾಗ ನನಗಾದ ಸಂತೋಷ ನಿನಗೆ ಗೊತ್ತಾಗಬಾರದು ಎಂದು ಮೊಲದ ಕಾಲು ಎಣಿಸಿದೆ.

ಇಲ್ಲಿ ನನ್ನ ಏಳರಲ್ಲಿ ಬರಿಯ ಡ್ರಮ್ ಕೇಳುತ್ತದೆ. ಬೀದಿಯಲ್ಲಿ ಹೋಗುವವರು ಯಾರೋ ಬಾಗಿಲು ಬಡಿಯುತ್ತಿದ್ದಾರೆ ಎಂದುಕೊಳ್ಳುತ್ತಾರೆ.

ಹೋದ ವಾರ ಒಳಕೋಣೆಯ ಗೋಡೆ ಒಡೆಸಿದೆ. ಬಾಗಿಲೂ ಹೋಯಿತು. ನಿನ್ನ ಬೆಂಚನ್ನು ತಂದು ಮುಂದಿನ ಕಿಟಕಿಗೆ ಹಾಕಿದ್ದೇನೆ. ಬೆಳಕು ಎಡಗಡೆಯಿಂದ ಬೀಳುತ್ತದೆ, ನಿನಗೆ ಹಾಗೇ ಇರಬೇಕಲ್ಲ. ಅಂಗಡಿಗೆ ಯಾರೇ ಕಾಲಿಟ್ಟರೂ ಮೊದಲು ಕಾಣುವುದು ಆ ಬೆಂಚು. ಗಿರಾಕಿಗಳು ಅದರ ಹಿಂದೆ ಯಾರು ಕೂರುತ್ತಾರೆ ಎಂದು ಆಗಲೇ ಕೇಳುತ್ತಿದ್ದಾರೆ.

ತಿಂಗಳಿಗೆ ಹತ್ತು ದಿನವೋ ಹದಿನೈದು ದಿನವೋ, ಭಾವನನ್ನು ಕೇಳಿ ನೀನೇ ಹೇಳು. ಅವರ ಇಸ್ತ್ರಿಪೆಟ್ಟಿಗೆಯನ್ನು ಅವರಿಗೇ ಬಿಟ್ಟು ಬಾ, ಇಲ್ಲಿ ಹೊಸದು ತಂದಿದ್ದೇನೆ. ಹಾಳೆಗಳ ಕಟ್ಟನ್ನು ತಾ. ಹತ್ತನೆಯ ಪೆಟ್ಟಿಗೆಯನ್ನೂ ತಾ, ಹಾಡು ಅದರಲ್ಲಿದೆ.

ಅಕ್ಕಾ, ಬಾ.

ನಿನ್ನ ತಮ್ಮ